ಕಾಳಿ ಅಳಿವೆಯ ನೀರಿಗೆ ಎಂಥ ಟ್ರಾನ್ಸ್‌ಡ್ಯೂಸರ್ ಬೇಕು

ಟ್ರಾನ್ಸ್‌ಡ್ಯೂಸರ್, ಅಂದರೆ ಆಳ ತೋರಿಸುವ ಯಂತ್ರಕ್ಕಾಗಿ ನೀರಿಗೆ ಶಬ್ದ ಬಿಟ್ಟು ವಾಪಸ್ ಕೇಳಿಸಿಕೊಳ್ಳುವ ಭಾಗ, ಬದಲಾಯಿಸಲು ಹೊರಟವರು ಮೊದಲು ಕೇಳುವುದು "ಎಷ್ಟು ಆಳದವರೆಗೆ ಓದುತ್ತೆ?" ಅಂತ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಡಬ್ಬಿಯ ಮೇಲೂ ಅದೇ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಮುನ್ನೂರು ಮೀಟರ್, ಐನೂರು ಮೀಟರ್. ಕಾರವಾರದಲ್ಲಿ ಚಿಕ್ಕ ಬೋಟ್ ಇಟ್ಟುಕೊಂಡವರಿಗೆ ಇದರಿಂದ ಏನೂ ಪ್ರಯೋಜನ ಇಲ್ಲ. ಬೈತಖೋಲ ಬಂದರಿನ ಕಡೆಯಿಂದ ಹೊರಟು, ಕೂರ್ಮಗಡ ದ್ವೀಪ ಸುತ್ತಿ, ದೇವಬಾಗದ ಪಕ್ಕದಲ್ಲಿ ಕಾಳಿ ನದಿಯೊಳಗೆ ಬರುವ ನಮ್ಮಂಥವರಿಗೆ ಇಪ್ಪತ್ತು ಮೀಟರ್ ನೀರು ಸಿಗುವುದೇ ಅಪರೂಪ. ನಮಗೆ ಬೇಕಾದದ್ದು ಒಂದರಿಂದ ಮೂರು ಮೀಟರ್ ನೀರಿನಲ್ಲಿ ನಿಜ ಹೇಳುವ ಯಂತ್ರ.

ಅಳಿವೆಯಲ್ಲಿ ಬೋಟ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಮಳೆಗಾಲದಲ್ಲಿ ಕಾಳಿ ತುಂಬಿ ಹರಿಯುತ್ತದೆ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಇನ್ನೂ ಜಾಸ್ತಿ. ಆ ನೀರು ತಂದ ಮರಳನ್ನೂ ಹೂಳನ್ನೂ ಸಮುದ್ರದ ಅಲೆ ಹಿಂದಕ್ಕೆ ತಳ್ಳುತ್ತದೆ. ಮೇ ತಿಂಗಳಲ್ಲಿ ಸಲೀಸಾಗಿ ಹೋಗಿದ್ದ ದಾರಿಯಲ್ಲಿ ಆಗಸ್ಟಿಗೆ ದಿಬ್ಬ ಎದ್ದಿರುತ್ತದೆ. ಸೇತುವೆಯ ಹತ್ತಿರ ಇನ್ನೊಂದು ಚಿಂತೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಹೆದ್ದಾರಿಯ ಹಳೇ ಸೇತುವೆ ಕುಸಿದು ನದಿಗೆ ಬಿದ್ದ ಮೇಲೆ, ಆ ಸುತ್ತಮುತ್ತ ಕಣ್ಣನ್ನು ಮಾತ್ರ ನಂಬಿ ಹೋಗುವುದನ್ನು ನಾನು ಬಿಟ್ಟಿದ್ದೇನೆ. ಕಂದು ನೀರಿನಲ್ಲಿ ಒಂದು ಗೇಣು ಕೆಳಗೆ ಏನಿದೆ ಅಂತಲೂ ಕಾಣುವುದಿಲ್ಲ.

ನಮ್ಮದು ಹತ್ತೊಂಬತ್ತು ಅಡಿಯ ಫೈಬರ್ ಬೋಟ್, ಹಿಂದೆ ಹೊರಗೆ ಸಿಕ್ಕಿಸಿದ ಒಂದು ಔಟ್‌ಬೋರ್ಡ್ ಎಂಜಿನ್. ನಾನೂ ಶಿರಸಿಯ ಭಾವನೂ ಸೇರಿ ಇಟ್ಟುಕೊಂಡಿದ್ದೇವೆ. ಡೆಪ್ತ್ ಫೈಂಡರ್ ಆಳ ತೋರಿಸುವುದನ್ನು ನಿಲ್ಲಿಸಿದಾಗ ಭಾವ ಫೋನಿನಲ್ಲಿ "ಎಂತದೋ ಒಂದು ಹಾಕ್ಸು ಮಾರಾಯ, ಸ್ಕ್ರೀನ್ ಚೆನ್ನಾಗೇ ಇದ್ಯಲ" ಅಂದರು. ಆ "ಎಂತದೋ ಒಂದು" ಯಾವುದು ಅಂತ ಹುಡುಕುತ್ತಾ ತುಂಬಾ ಓದಿದೆ, ಬಂದರಿನಲ್ಲಿ ತುಂಬಾ ಜನರನ್ನು ಕೇಳಿದೆ. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕುಮಟಾ, ಹೊನ್ನಾವರದ ಅಳಿವೆಗಳಲ್ಲಿ ಓಡಾಡುವವರಿಗೂ ಇದೇ ಲೆಕ್ಕ.

ಕೊಳ್ಳುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಕೆಟ್ಟಿರುವುದು ನಿಜವಾಗಿ ಟ್ರಾನ್ಸ್‌ಡ್ಯೂಸರ್ ಹೌದಾ? ಬೋಟ್ ನಿಂತಾಗ ಆಳ ಸರಿಯಾಗಿ ಬಂದು, ವೇಗ ಹಿಡಿದ ಕೂಡಲೇ ಹೋಗುತ್ತಿದ್ದರೆ ಅದು ಕೆಟ್ಟಿಲ್ಲ. ಅದರ ಮುಖದ ಕೆಳಗೆ ಗಾಳಿಗುಳ್ಳೆ ಓಡುತ್ತಿದೆ ಅಷ್ಟೇ. ಗುಳ್ಳೆ ಬಂದರೆ ಶಬ್ದ ನೀರಿಗೆ ಇಳಿಯುವುದೇ ಇಲ್ಲ. ಅಲ್ಲಿ ಹೊಸದನ್ನು ತಂದು ಹಾಕಿದರೂ ಅದೇ ಕಥೆ, ಜಾಗ ಬದಲಾಯಿಸಬೇಕು. ಇನ್ನೊಂದು, ಕನೆಕ್ಟರ್ ಬಿಚ್ಚಿ ನೋಡಿ. ನಮ್ಮ ಉಪ್ಪು ಗಾಳಿಗೆ ಪಿನ್ನುಗಳು ಹಸಿರು ಹಿಡಿದಿರುತ್ತವೆ. ಮುಖದ ಮೇಲೆ ಚಿಪ್ಪು ಬೆಳೆದಿದೆಯಾ, ಕೇಬಲ್ ಎಲ್ಲಾದರೂ ಜಜ್ಜಿದೆಯಾ ನೋಡಿ. ನೀರಿನ ಬಿಸಿ ಸರಿಯಾಗಿ ತೋರಿಸಿ ಆಳ ಮಾತ್ರ ಬಾರದಿದ್ದರೆ ಅದೊಂದು ಒಳ್ಳೇ ಸುಳಿವು. ಬಿಸಿ ಅಳೆಯುವ ಸೆನ್ಸರ್ ಬೇರೆ, ಶಬ್ದ ಮಾಡುವ ಸೆರಾಮಿಕ್ ಬಿಲ್ಲೆ ಬೇರೆ, ಎರಡೂ ಒಂದೇ ಡಬ್ಬಿಯೊಳಗೆ ಇರುತ್ತವೆ. ಬಿಸಿ ಬರುತ್ತಿದೆ ಅಂದರೆ ಕೇಬಲ್ ಪೂರ್ತಿ ಕತ್ತರಿಸಿಲ್ಲ, ಬಿಲ್ಲೆಯದ್ದೋ ಅದಕ್ಕೆ ಹೋಗುವ ತಂತಿಯದ್ದೋ ತೊಂದರೆ ಅಂತ ಅಂದಾಜು ಮಾಡಬಹುದು. ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಬೇರೆಯವರ ಬೋಟಿನ ಅದೇ ಮಾದರಿಯ ಸ್ಕ್ರೀನಿಗೆ ನಿಮ್ಮ ಟ್ರಾನ್ಸ್‌ಡ್ಯೂಸರ್ ಸಿಕ್ಕಿಸಿ ನೋಡುವುದು. ನಮ್ಮದು ಅದರಲ್ಲೂ ಸೋತಿತು. ಮುಖದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು, ಒಳಗೆ ನೀರು ಹೋಗಿತ್ತು.

ಈಗ ಆಳದ ವಿಷಯಕ್ಕೆ ಬರೋಣ. ಟ್ರಾನ್ಸ್‌ಡ್ಯೂಸರ್ ಒಳಗಿನ ಬಿಲ್ಲೆಗೆ ಕರೆಂಟ್ ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ಆ ಶಬ್ದ ತಳಕ್ಕೆ ಬಡಿದು ವಾಪಸ್ ಬಂದು ಅದೇ ಬಿಲ್ಲೆಯನ್ನು ನಡುಗಿಸಿದರೆ ಅದು ಮತ್ತೆ ಕರೆಂಟ್ ಆಗುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಮೂರು ಮೀಟರ್ ಆಳಕ್ಕೆ ಹೋಗಿ ಬರಲು ಬರೀ 4 ಮಿಲಿಸೆಕೆಂಡ್ ಸಾಕು. ಒಂದು ಮೀಟರಿಗೆ ಒಂದೂ ಕಾಲು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ತೊಂದರೆ ಇರುವುದು ಇಲ್ಲೇ. ದೇವಸ್ಥಾನದ ಗಂಟೆ ಹೊಡೆದು ಕೈ ಬಿಟ್ಟ ಮೇಲೂ ಗುಂಯ್ ಅನ್ನುತ್ತಿರುತ್ತದೆ ಅಲ್ವಾ, ಬಿಲ್ಲೆಯೂ ಹಾಗೇ, ಕರೆಂಟ್ ನಿಂತ ಮೇಲೂ ಸ್ವಲ್ಪ ಹೊತ್ತು ನಡುಗುತ್ತಿರುತ್ತದೆ. ಆ ನಡುಕ ನಿಲ್ಲುವ ಮೊದಲೇ ತಳದಿಂದ ಸದ್ದು ವಾಪಸ್ ಬಂದರೆ ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಪ್ರತಿ ಟ್ರಾನ್ಸ್‌ಡ್ಯೂಸರಿಗೂ ಒಂದು ಕನಿಷ್ಠ ಆಳ ಇದೆ, ಅದಕ್ಕಿಂತ ಕಡಿಮೆ ನೀರಿನಲ್ಲಿ ಅದು ಕುರುಡು. ಎಷ್ಟೋ ಮಾದರಿಗಳಲ್ಲಿ ಇದು ಅರ್ಧ ಮೀಟರಿನ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ.

ಕುರುಡಾಗಿ ಸುಮ್ನೆ ಕೂತರೆ ಪರವಾಗಿಲ್ಲ. ಅದು ಸುಳ್ಳೂ ಹೇಳುತ್ತದೆ. ಕಡಿಮೆ ನೀರಿನಲ್ಲಿ, ತಳ ಗಟ್ಟಿ ಇದ್ದಾಗ, ಶಬ್ದ ತಳಕ್ಕೂ ನೀರಿನ ಮೇಲ್ಮೈಗೂ ಬಡಿದು ಎರಡು ಸಲ ಓಡಾಡುತ್ತದೆ. ಮೊದಲನೇ ಪ್ರತಿಧ್ವನಿ ನಡುಕದಲ್ಲಿ ಮುಚ್ಚಿಹೋದರೆ ಯಂತ್ರ ಎರಡನೆಯದನ್ನು ಹಿಡಿದುಕೊಳ್ಳುತ್ತದೆ. ಆಗ ಇರುವ ಆಳದ ಎರಡರಷ್ಟು ತೋರಿಸುತ್ತದೆ. ಅರವತ್ತು ಸೆಂಟಿಮೀಟರ್ ನೀರಿನಲ್ಲಿ ಒಂದು ಮೀಟರ್ ಇಪ್ಪತ್ತು ಅಂತ ಬಂದರೆ ನಾವು ಎಂಜಿನ್ ಇಳಿಸಿಕೊಂಡೇ ಮುಂದೆ ಹೋಗುತ್ತೇವೆ. ಮರಳಿನ ಗಟ್ಟಿ ದಿಬ್ಬದ ಮೇಲೆ ಇದು ಆಗುವುದೇ ಜಾಸ್ತಿ, ದಿಬ್ಬ ಇರುವುದೇ ಅಳಿವೆಯಲ್ಲಿ. ಆದ್ದರಿಂದ ವಿವರ ಓದುವಾಗ ನಾನು ಮೊದಲು ಹುಡುಕುವ ಸಾಲು ಕನಿಷ್ಠ ಆಳದ್ದು. ಗರಿಷ್ಠ ಆಳ ಎಷ್ಟಾದರೂ ಇರಲಿ.

ಇದರಿಂದಲೇ ಫ್ರೀಕ್ವೆನ್ಸಿಯ, ಅಂದರೆ ಬಿಲ್ಲೆ ಸೆಕೆಂಡಿಗೆ ಎಷ್ಟು ಸಲ ನಡುಗಬೇಕು ಅನ್ನುವುದರ, ಆಯ್ಕೆಯೂ ಅರ್ಧ ಮುಗಿಯುತ್ತದೆ. ಸಾಮಾನ್ಯವಾಗಿ ಸಿಗುವುದು 50 ಮತ್ತು 200 ಕಿಲೋಹರ್ಟ್ಸ್ ಎರಡೂ ಇರುವ ಜೋಡಿ. 50 ಕಿಲೋಹರ್ಟ್ಸ್ ಆಳಕ್ಕೆ ಹೋಗುತ್ತದೆ, ನೂರಾರು ಮೀಟರಿನ ನೀರಿನಲ್ಲಿ ಮೀನು ಹುಡುಕುವ ದೊಡ್ಡ ಬೋಟುಗಳಿಗೆ ಅದು ಬೇಕೇ ಬೇಕು. ಆದರೆ ಅದರ ನಡುಕ ಹೆಚ್ಚು ಹೊತ್ತು ಇರುತ್ತದೆ, ವಿವರವೂ ಒರಟು. 200 ಕಿಲೋಹರ್ಟ್ಸ್ ಅಷ್ಟು ಆಳಕ್ಕೆ ಹೋಗದಿದ್ದರೂ ನಮ್ಮ ನೀರಿಗೆ ಸಾಕಷ್ಟು ಮೀರಿಯೇ ಹೋಗುತ್ತದೆ, ಕಡಿಮೆ ಆಳದಲ್ಲಿ ಚೊಕ್ಕವಾಗಿ ಓದುತ್ತದೆ. ಈಗ ಚಿರ್ಪ್ ಅಂತ ಬಂದಿದೆಯಲ್ಲ, ಒಂದೇ ಫ್ರೀಕ್ವೆನ್ಸಿಯ ಬದಲು ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ಸದ್ದು, ಅದರಲ್ಲಿ ಹತ್ತಿರ ಹತ್ತಿರ ಇರುವ ಎರಡು ವಸ್ತುಗಳು ಬೇರೆ ಬೇರೆ ಕಾಣುತ್ತವೆ. ನಿಮ್ಮ ಸ್ಕ್ರೀನಿಗೆ ಚಿರ್ಪ್ ಬರುತ್ತದೆ ಅಂದರೆ ಮಾತ್ರ ಅದಕ್ಕೆ ದುಡ್ಡು ಹಾಕಿ. ಸ್ಕ್ರೀನಿನಲ್ಲಿ ಇಲ್ಲದ್ದನ್ನು ಟ್ರಾನ್ಸ್‌ಡ್ಯೂಸರ್ ತಂದುಕೊಡುವುದಿಲ್ಲ.

ಹೂಳಿನ ವಿಷಯದಲ್ಲಿ ಎರಡು ಫ್ರೀಕ್ವೆನ್ಸಿಗಳ ಜಗಳ ಇನ್ನೂ ಚೆನ್ನಾಗಿ ಕಾಣುತ್ತದೆ. ಮಳೆಗಾಲ ಮುಗಿದ ಹೊತ್ತಿಗೆ ತಳದಲ್ಲಿ ಗಂಜಿಯಂಥ ಕೆಸರು ಕೂತಿರುತ್ತದೆ. 200 ಕಿಲೋಹರ್ಟ್ಸ್ ಆ ಕೆಸರಿನ ಮೇಲ್ಭಾಗದಿಂದಲೇ ವಾಪಸ್ ಬರುತ್ತದೆ. ಕಡಿಮೆ ಫ್ರೀಕ್ವೆನ್ಸಿ ಕೆಸರಿನೊಳಗೆ ಇಳಿದು ಅದರಡಿಯ ಗಟ್ಟಿ ನೆಲದಿಂದ ವಾಪಸ್ ಬರುತ್ತದೆ. ಬಂದರುಗಳಲ್ಲಿ ಹೂಳು ಎಷ್ಟಿದೆ ಅಂತ ಸರ್ವೆ ಮಾಡುವವರು ಎರಡೂ ಫ್ರೀಕ್ವೆನ್ಸಿಯಲ್ಲಿ ಅಳೆಯುವುದು ಇದಕ್ಕೇ. ಹಾಗಾದರೆ ಯಾವ ಅಂಕಿ ಸರಿ? ಲಂಗರು ಹಾಕುವವನಿಗೆ ಗಟ್ಟಿ ನೆಲ ಎಲ್ಲಿದೆ ಅಂತ ತಿಳಿದರೆ ಒಳ್ಳೇದು. ಆದರೆ ಬೋಟ್ ನಡೆಸುವಾಗ ನನಗೆ ಬೇಕಾದದ್ದು ಯಾವಾಗಲೂ ಕಡಿಮೆ ಇರುವ ಅಂಕಿ. ಔಟ್‌ಬೋರ್ಡ್ ತಣ್ಣಗಿರಲು ಹೊರಗಿನ ನೀರನ್ನೇ ಎಳೆದುಕೊಳ್ಳುತ್ತದೆ, ಕೆಸರು ಎಳೆದುಕೊಂಡರೆ ಒಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಹಾಳು. ಅದಕ್ಕೇ ನಾನು 200ರ ಪಕ್ಷ.

ಮಳೆಗಾಲದ ಸಿಹಿನೀರು ಸೇರಿದಾಗ ಶಬ್ದದ ವೇಗ ಬದಲಾಗಿ ಲೆಕ್ಕ ತಪ್ಪುವುದಿಲ್ಲವಾ ಅಂತ ಒಬ್ಬರು ಕೇಳಿದ್ದರು. ಬದಲಾಗುತ್ತದೆ, ಆದರೆ ನೂರಕ್ಕೆ ಎರಡು ಮೂರರಷ್ಟು. ಮೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರಿನ ಒಳಗಿನ ಮಾತು. ನಮ್ಮ ಕಡೆ ಭರತ ಇಳಿತದ ವ್ಯತ್ಯಾಸವೇ ಹುಣ್ಣಿಮೆ ಅಮಾವಾಸ್ಯೆಗೆ ಎರಡು ಮೀಟರಿನ ಹತ್ತಿರ ಹೋಗುತ್ತದೆ. ತಲೆ ಕೆಡಿಸಿಕೊಳ್ಳುವುದಾದರೆ ಅದಕ್ಕೆ ಕೆಡಿಸಿಕೊಳ್ಳಿ.

ಶಬ್ದ ಟಾರ್ಚಿನ ಬೆಳಕಿನ ಹಾಗೆ ಅಗಲವಾಗುತ್ತಾ ಇಳಿಯುತ್ತದೆ, ಎಷ್ಟು ಅಗಲ ಅನ್ನುವುದು ಅದರ ಕೋನದ ಮೇಲೆ ಹೋಗುತ್ತದೆ. 20 ಡಿಗ್ರಿ ಕೋನದ್ದು ಹತ್ತು ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ಜಾಗ ನೋಡುತ್ತದೆ. 45 ಡಿಗ್ರಿಯದ್ದು ಎಂಟು ಮೀಟರಿಗಿಂತ ಜಾಸ್ತಿ. ಆ ಜಾಗದಲ್ಲಿ ಎಲ್ಲಕ್ಕಿಂತ ಹತ್ತಿರ ಯಾವುದಿದೆಯೋ ಅದರ ಸದ್ದೇ ಮೊದಲು ಬರುತ್ತದೆ. ಕೂರ್ಮಗಡದ ಬಂಡೆಗಳ ಬದಿಯಲ್ಲಿ ಅಗಲ ಕೋನದ್ದು ಇದ್ದರೆ ನಿಮ್ಮ ನೇರ ಕೆಳಗಿನ ಆಳದ ಬದಲು ಪಕ್ಕದ ಬಂಡೆಯ ತುದಿ ಓದುತ್ತದೆ. ಇದು ಕೆಟ್ಟದ್ದೇನಲ್ಲ, ಎಚ್ಚರಿಕೆ ಕೊಟ್ಟ ಹಾಗೇ. ಆದರೆ ಸಪಾಟಾದ ಮರಳಿನ ಮೇಲೆ ಒಂದೇ ಜಾಗದ ನಿಖರ ಆಳ ಬೇಕಾದಾಗ ಸಣ್ಣ ಕೋನವೇ ವಾಸಿ. ಆಳ ನೋಡಲು ಮಾತ್ರ ಅಂತಾದರೆ ಸಾಧಾರಣ ಕೋನದ್ದು ಸಾಕು.

ಇನ್ನು ಕೂರಿಸುವ ಬಗೆ. ಇದರಲ್ಲೇ ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು. ಮೂರು ದಾರಿ ಇವೆ: ಬೋಟಿನ ಹಿಂಬದಿಯ ಹಲಗೆಗೆ ಹೊರಗಿನಿಂದ ಸ್ಕ್ರೂ ಹಾಕುವುದು, ತಳ ಕೊರೆದು ಕೂರಿಸುವುದು, ತಳ ಕೊರೆಯದೆ ಒಳಗಿನಿಂದಲೇ ಅಂಟಿಸುವುದು.

ಒಳಗಿನಿಂದ ಅಂಟಿಸುವುದು ಕೇಳಲು ಚಂದ. ತೂತಿಲ್ಲ, ಚಿಪ್ಪು ಬೆಳೆಯುವುದಿಲ್ಲ, ಮರಳಿನ ಮೇಲೆ ಬೋಟ್ ಎಳೆದರೂ ಏನೂ ಆಗುವುದಿಲ್ಲ. ಆದರೆ ಅಂಟಿಸುವ ಜಾಗದಲ್ಲಿ ಗಟ್ಟಿ ಫೈಬರ್ ಮಾತ್ರ ಇರಬೇಕು. ನಡುವೆ ಪ್ಲೈವುಡ್ಡೋ ಫೋಮೋ ಇದ್ದರೆ ಶಬ್ದ ಅಲ್ಲೇ ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ಮರದ ಮೇಲೆ ಫೈಬರ್ ಹೊದಿಸಿದ ಬೋಟುಗಳೂ ಇವೆ, ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಕಟ್ಟಿದವರನ್ನೇ ಕೇಳಿ. ಅವರು ಸಿಗದಿದ್ದರೆ ಒಂದು ಉಪಾಯ ಇದೆ. ಬೋಟ್ ನೀರಿನಲ್ಲಿರುವಾಗ ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಇಟ್ಟು, ಒಳಗಿನಿಂದ ತಳಕ್ಕೆ ಒತ್ತಿ ಹಿಡಿದು ಆಳ ನೋಡಿ. ಆಮೇಲೆ ಅದನ್ನೇ ಬದಿಯಿಂದ ನೀರಿಗೆ ಇಳಿಸಿ ನೋಡಿ. ಎರಡೂ ಹೆಚ್ಚು ಕಡಿಮೆ ಹೊಂದಿದರೆ ಅಂಟಿಸಬಹುದು. ಫೈಬರ್ ದಾಟುವಾಗ ಶಬ್ದ ಸ್ವಲ್ಪ ಕಳೆದುಹೋಗುತ್ತದೆ, ನೀರಿನ ಬಿಸಿ ಸರಿಯಾಗಿ ಸಿಗುವುದಿಲ್ಲ, 455 ಅಥವಾ 800 ಕಿಲೋಹರ್ಟ್ಸಿನಲ್ಲಿ ಫೋಟೋದಂಥ ಚಿತ್ರ ಕೊಡುವ ಸ್ಕ್ಯಾನ್ ಸೌಲಭ್ಯ ಒಳಗಿನಿಂದ ನಡೆಯುವುದಿಲ್ಲ.

ತಳ ಕೊರೆಯುವುದಾದರೆ ಬೋಟ್ ಯಾವುದರದ್ದು ಅನ್ನುವುದು ಮುಖ್ಯ. ಫೈಬರಿಗೆ ಪ್ಲಾಸ್ಟಿಕ್ ನಡೆಯುತ್ತದೆ. ಮರಕ್ಕೆ ಕಂಚೇ ಬೇಕು, ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ, ಉಕ್ಕಿನ ಬೋಟಿಗೆ ಕಂಚು ಹಾಕಲೇಬೇಡಿ. ಉಪ್ಪು ನೀರಿನಲ್ಲಿ ಎರಡು ಬೇರೆ ಲೋಹ ಸೇರಿದರೆ ತಳವೇ ಸವೆದು ಹೋಗುತ್ತದೆ. ತಳ ವಿ ಆಕಾರದಲ್ಲಿದ್ದರೆ ನೇರ ಕೂರಿಸಿದ ಬಿಲ್ಲೆ ಓರೆಯಾಗಿ ನೋಡುತ್ತದೆ. ಅದಕ್ಕೆಂದೇ ಒಳಗಿನ ಬಿಲ್ಲೆಯನ್ನು 12 ಅಥವಾ 20 ಡಿಗ್ರಿ ಓರೆ ಮಾಡಿದ ಮಾದರಿಗಳು ಸಿಗುತ್ತವೆ, ಏರ್‌ಮಾರ್ ಕಂಪನಿಯ ಬಿ60 ಅಂಥದ್ದು.

ನಾನು ಆರಿಸಿದ್ದು ಹಿಂಬದಿಗೆ ಹಾಕುವುದನ್ನು. ಕಾರಣ ಸರಳ. ಚಿಕ್ಕ ಬೋಟುಗಳನ್ನು ನಾವು ಮಳೆಗಾಲಕ್ಕೆ ಮುಂಚೆ ದಡಕ್ಕೆ ಎಳೆಯುತ್ತೇವೆ, ತಳದಿಂದ ಹೊರಗೆ ಚಾಚಿದ ಯಾವುದೂ ಆ ಎಳೆತದಲ್ಲಿ ಉಳಿಯುವುದಿಲ್ಲ. ಹಿಂಬದಿಯದ್ದಾದರೆ ಎರಡು ಸ್ಕ್ರೂ ಬಿಚ್ಚಿ ತೆಗೆದಿಡಬಹುದು. ಏನಾದರೂ ಬಡಿದರೆ ಮೇಲಕ್ಕೆ ಮಡಚಿಕೊಳ್ಳುವ ಬ್ರಾಕೆಟ್ ಇರುವುದನ್ನೇ ತಗೊಳ್ಳಿ, ದಿಬ್ಬಕ್ಕೆ ತಾಗುವುದು ನಮ್ಮಲ್ಲಿ ಮಾಮೂಲಿ. ನೇರ ಬೋಟಿಗೆ ತೂತು ಹೊಡೆಯುವ ಬದಲು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆ ಇದೆಯಲ್ಲ, ಅಂಥದ್ದೊಂದನ್ನು ಹಿಂಬದಿಗೆ ಭದ್ರ ಮಾಡಿ ಅದರ ಮೇಲೆ ಬ್ರಾಕೆಟ್ ಹಾಕಿದರೆ ಆಮೇಲೆ ಜಾಗ ಸರಿಸಬೇಕಾದಾಗ ಬೋಟಿಗೆ ಹೊಸ ತೂತು ಬೇಡ. ಆ ಹಲಗೆಗೆ ಅಂಟು ಹಿಡಿಯುವುದು ಕಷ್ಟ, ಸ್ಕ್ರೂ ಹಾಕಲೇಬೇಕು, ಆ ತೂತುಗಳಿಗೆ ಮರೀನ್ ಸೀಲಂಟ್ ತುಂಬಿ. ಹಿಂಬದಿಯ ಒಳಗೆ ಪ್ಲೈವುಡ್ ಇದ್ದರೆ ಒಂದು ತೂತು ಸೋರಿದರೂ ಕೊಳೆಯಲು ಶುರು.

ಜಾಗ ಎಲ್ಲಿ ಅನ್ನುವುದಕ್ಕೆ ಕಂಪನಿಗಳ ಕೈಪಿಡಿಯಲ್ಲಿ ಬರುವ ಅಳತೆಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರ. ಪ್ರೊಪೆಲ್ಲರಿನ ಎಲೆ ಕೆಳಮುಖವಾಗಿ ಇಳಿಯುವ ಬದಿ, ಹೆಚ್ಚಿನ ಔಟ್‌ಬೋರ್ಡುಗಳಲ್ಲಿ ಅದು ಬಲಗಡೆ. ಫೈಬರ್ ಬೋಟಿನಲ್ಲಿ ಟ್ರಾನ್ಸ್‌ಡ್ಯೂಸರಿನ ಮುಖ ಬೋಟಿನ ತಳಕ್ಕಿಂತ 3 ಮಿಲಿಮೀಟರಿನಷ್ಟು ಕೆಳಗೆ, ಅಲ್ಯೂಮಿನಿಯಂನಲ್ಲಿ 10ರಷ್ಟು. ತಳದಲ್ಲಿ ಉದ್ದಕ್ಕೆ ಏಣು ಇದ್ದರೆ, ನೀರು ಎಳೆಯುವ ತೂತು ಇದ್ದರೆ, ಅವುಗಳ ಹಿಂದಿನ ಸಾಲಿನಲ್ಲಿ ಬೇಡ, ಅಲ್ಲಿ ಗುಳ್ಳೆ ಹರಿಯುತ್ತದೆ.

ಹೊಂದಾಣಿಕೆಯ ವಿಷಯ ಚಿಕ್ಕದಾದರೂ ದುಡ್ಡು ಹೋಗುವುದು ಅಲ್ಲೇ. ಪ್ಲಗ್ ಕೂತ ಮಾತ್ರಕ್ಕೆ ಟ್ರಾನ್ಸ್‌ಡ್ಯೂಸರ್ ಹೊಂದಿತು ಅಂತ ಅಲ್ಲ. ಒಂದೇ ಕಂಪನಿಯಲ್ಲೇ ಹಳೆಯದಕ್ಕೆ ಒಂದು ಪಿನ್ನು, ಹೊಸದಕ್ಕೆ ಇನ್ನೊಂದು. ಲೋರೆನ್ಸಿನಲ್ಲಿ 7 ಪಿನ್ ನೀಲಿ, 9 ಪಿನ್ ಕಪ್ಪು, ಗಾರ್ಮಿನಿನಲ್ಲಿ 4, 8, 12 ಪಿನ್. ನಡುವೆ ಹಾಕುವ ಅಡಾಪ್ಟರ್ ಸಿಗುತ್ತವೆ, ಆದರೆ ಒಳಗಿನ ಫ್ರೀಕ್ವೆನ್ಸಿ, ಪವರ್ ಹೊಂದಬೇಕು. ಸ್ಕ್ರೀನ್ ಎಷ್ಟು ವ್ಯಾಟ್ ಕಳಿಸುತ್ತದೋ ಅಷ್ಟನ್ನಾದರೂ ಟ್ರಾನ್ಸ್‌ಡ್ಯೂಸರ್ ತಡೆಯಬೇಕು. 1 ಕಿಲೋವ್ಯಾಟ್ ಕಳಿಸುವ ಯಂತ್ರಕ್ಕೆ 300 ವ್ಯಾಟಿನ ಬಿಲ್ಲೆ ಹಾಕಿದರೆ ಅದು ಉಳಿಯುವುದಿಲ್ಲ. ಪರ್ಸೀನ್ ಬಲೆಯ ದೊಡ್ಡ ಮೀನುಗಾರಿಕೆ ಬೋಟಿನಿಂದ ತೆಗೆದ ಹಳೇ ಟ್ರಾನ್ಸ್‌ಡ್ಯೂಸರ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಈ ಎರಡು ಲೆಕ್ಕ ಹಾಕಿ ಆಮೇಲೆ ಮಾತಾಡಿ. ಸ್ಕ್ರೀನಿನ ಮಾದರಿ ಸಂಖ್ಯೆಯನ್ನೂ ಹಳೇ ಕೇಬಲ್ ಮೇಲಿನ ಚೀಟಿಯನ್ನೂ ಫೋಟೋ ತೆಗೆದುಕೊಂಡು ಹೋದರೆ ಗೋವಾದಲ್ಲಾಗಲಿ ಮಂಗಳೂರಿನಲ್ಲಾಗಲಿ ಅಂಗಡಿಯವರಿಗೂ ಸುಲಭ. ಕೇಬಲ್ ಉದ್ದ ಆಯಿತು ಅಂತ ಕತ್ತರಿಸಬೇಡಿ, ಎಂಜಿನ್ನಿನ ವೈರಿನ ಜೊತೆ, ವಿಎಚ್‌ಎಫ್ ರೇಡಿಯೋದ ಕೇಬಲ್ ಜೊತೆ ಕಟ್ಟಬೇಡಿ. ಪರದೆ ತುಂಬಾ ಚುಕ್ಕೆ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕೊನೆಗೆ ನಮ್ಮ ಬೋಟಿಗೆ ಬಂದದ್ದು ಸ್ಕ್ರೀನಿನ ಕಂಪನಿಯದ್ದೇ ಪ್ಲಾಸ್ಟಿಕ್ ಟ್ರಾನ್ಸ್‌ಡ್ಯೂಸರ್, 200ರ ಸುತ್ತ ಚಿರ್ಪ್ ಓದುವಂಥದ್ದು. ಅದಕ್ಕಿಂತ ದೊಡ್ಡದು, ಜಾಸ್ತಿ ಪವರಿನದ್ದು ಅದೇ ಅಂಗಡಿಯಲ್ಲಿತ್ತು. ಬೇಡ ಅಂದೆ.

ಹಾಕಿದ ಮೇಲೆ ಅದನ್ನು ನಂಬುವ ಮೊದಲು ಅಳತೆ ಹಾಕಬೇಕು. ಬೈತಖೋಲದ ಒಬ್ಬ ಹಿರಿಯ ತಾಂಡೇಲರು, ಅಂದರೆ ಬೋಟ್ ನಡೆಸುವವರು, ಹೇಳಿದ್ದು, "ಮೊದಲು ಹಗ್ಗ ಬಿಡು ಮಗಾ, ಆಮೇಲೆ ಟಿವಿ ನೋಡು." ಅವರ ಕಾಲದವರು ಸೀಸದ ಗುಂಡು ಕಟ್ಟಿದ ಹಗ್ಗದಲ್ಲಿ ಮಾರಿನ ಲೆಕ್ಕದಲ್ಲೇ ಆಳ ನೋಡಿದವರು, ಈಗಲೂ ಆಳ ಹೇಳುವುದು ಮಾರಿನಲ್ಲೇ. ಸ್ಕ್ರೀನಿನಲ್ಲೂ ಫ್ಯಾದಮ್ ಅಂತ ಅಳತೆ ಇರುತ್ತದೆ, ಅದು 1.83 ಮೀಟರ್, ಹೆಚ್ಚು ಕಡಿಮೆ ನಮ್ಮ ಮಾರಿನಷ್ಟೇ. ಅವರು ಹೇಳಿದ ಹಾಗೆ ಗುರುತು ಹಾಕಿದ ಹಗ್ಗಕ್ಕೆ ಭಾರ ಕಟ್ಟಿ, ಇಳಿತದ ಹೊತ್ತಿನಲ್ಲಿ, ನೀರು ನಿಂತಿರುವಾಗ ಬೇರೆ ಬೇರೆ ಆಳದಲ್ಲಿ ಇಳಿಸಿ ಸ್ಕ್ರೀನಿನ ಅಂಕಿಗೆ ಹೋಲಿಸಿದೆ. ಮರಳಿನ ಮೇಲೂ ನೋಡಬೇಕು, ಕೆಸರಿನ ಮೇಲೂ ನೋಡಬೇಕು. ಕಡಿಮೆ ನೀರಿಗೆ ಬರುತ್ತಾ ಬರುತ್ತಾ ಅಂಕಿ ಯಾವಾಗ ಕುಣಿಯಲು ಶುರು ಮಾಡುತ್ತದೆ, ಯಾವಾಗ ಎರಡರಷ್ಟಕ್ಕೆ ಹಾರುತ್ತದೆ ಅಂತ ಗೊತ್ತಾದರೆ ಆ ಟ್ರಾನ್ಸ್‌ಡ್ಯೂಸರಿನ ನಿಜವಾದ ಕನಿಷ್ಠ ಆಳ ನಿಮ್ಮ ಕೈಗೆ ಸಿಕ್ಕಿತು. ಕಡಿಮೆ ಆಳದ ಅಲಾರಂ ಅನ್ನು ಅದಕ್ಕಿಂತ ಸಾಕಷ್ಟು ಮೇಲೆ ಇಡಿ.

ಆಫ್‌ಸೆಟ್ ಕೂಡ ಆಗಲೇ ಮಾಡಿಕೊಳ್ಳಿ. ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರಿನ ಮುಖದಿಂದ ನೀರಿನ ತಳಕ್ಕೆ. ನಮ್ಮ ಬೋಟಿನಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಔಟ್‌ಬೋರ್ಡಿನ ಕೆಳತುದಿಯ ರೆಕ್ಕೆ. ಮುಖದಿಂದ ಅಲ್ಲಿಗೆ ಎಷ್ಟು ಅಂತ ಟೇಪ್ ಹಿಡಿದು ಅಳೆದು ಅಷ್ಟನ್ನು ಕಳೆಯುವ ಹಾಗೆ ಸೆಟ್ ಮಾಡಿದರೆ ಸ್ಕ್ರೀನಿನಲ್ಲಿ ಬರುವುದು ರೆಕ್ಕೆಯ ಕೆಳಗೆ ಉಳಿದ ನೀರು. ಕೆಲವರು ನೀರಿನ ಮಟ್ಟದಿಂದ ಆಳ ಬರುವ ಹಾಗೆ ಇಡುತ್ತಾರೆ, ನಕ್ಷೆಗೆ ಹೋಲಿಸಲು ಅದು ಅನುಕೂಲ. ಯಾವುದಾದರೂ ಒಂದಿರಲಿ, ಆದರೆ ಬೋಟ್ ಓಡಿಸುವ ಎಲ್ಲರಿಗೂ ಯಾವುದು ಅಂತ ಗೊತ್ತಿರಬೇಕು. ನಾನು ಸ್ಕ್ರೀನಿನ ಪಕ್ಕ ಮಾರ್ಕರಿನಲ್ಲಿ ಬರೆದು ಅಂಟಿಸಿದ್ದೇನೆ, ಭಾವ ಒಬ್ಬರೇ ತೆಗೆದುಕೊಂಡು ಹೋಗುವ ದಿನಗಳೂ ಇರುತ್ತವಲ್ಲ.

ಸಮಯ ನೋಡಿ ಮಾಡುವುದಾದರೆ ಮೇ ತಿಂಗಳ ಮೊದಲೇ ಮುಗಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೊಡ್ಡ ಬೋಟುಗಳ ರಿಪೇರಿ ಎಲ್ಲ ಒಟ್ಟಿಗೆ ಬರುತ್ತದೆ, ಫೈಬರ್ ಕೆಲಸದವರು ಕೈಗೆ ಸಿಗುವುದಿಲ್ಲ. ತಳಕ್ಕೆ ಬಣ್ಣ ಹೊಡೆಯುವವರಿಗೆ ಒಂದು ಮಾತು ಮೊದಲೇ ಹೇಳಿಡಿ: ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ತಳದ ಬಣ್ಣ ತಾಗಬಾರದು. ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹೊಡೆಯಲೇಬೇಕು ಅಂದರೆ ಟ್ರಾನ್ಸ್‌ಡ್ಯೂಸರಿಗೆಂದೇ ಬರುವ, ನೀರಿನಲ್ಲಿ ಕಲಸಿದ ಬಣ್ಣ ತೆಳುವಾಗಿ ಹೊಡೆಸಿ. ಚಿಪ್ಪು ಕೂತಿದ್ದರೆ ಉಳಿಯಿಂದ ಕೆತ್ತಬೇಡಿ. ಮೆತ್ತನೆ ಬಟ್ಟೆ, ಸೋಪುನೀರು, ಅದಕ್ಕೂ ಬಗ್ಗದಿದ್ದರೆ ನಯವಾದ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿಕೊಂಡು ನಿಧಾನಕ್ಕೆ ತಿಕ್ಕಿ.